ಡಚ್ಚರ ಒಡ್ಡಿನ ಕೆಳಗೆ ಒಂದು ಮನೆ

ನನ್ನ ತಂಗಿ ಗಿರಿಜಾ ಜರ್ಮನಿಯಿಂದ ಫೋನ್ ಮಾಡಿ, "ಅಣ್ಣಾ, ಒಂದ್ ಮನಿ ನೋಡೇವಿ. ನೀ ಬಂದು ನೋಡಿ ಹೂಂ ಅಂದ್ರ ತಗೋತೀವಿ, ಇಲ್ಲಾಂದ್ರ ಬಿಡ್ತೀವಿ" ಎಂದಳು.

ಮನೆ ಎಲ್ಲಿದೆ ಎಂದು ಕೇಳಿದೆ.

"ನದಿ ಒಡ್ಡಿನ ಕೆಳಗ" ಎಂದಳು.

ಮುಂದೆ ಏನನ್ನೂ ಕೇಳದೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದೆ. ಒಡ್ಡು ನನ್ನ ಕಸುಬು. ಏಳನೆಯ ಇಯತ್ತೆಯ ನಡುವೆ ಶಾಲೆ ಬಿಟ್ಟು ಗದಗ ಸೀಮೆಯ ಒಂದು ಕೆರೆಯ ಒಡ್ಡಿನ ಮೇಲೆ ಮಣ್ಣಿನ ಬುಟ್ಟಿ ಹೊತ್ತೆ. ಆಮೇಲೆ ಮೇಸ್ತ್ರಿಯಾದೆ, ಈಗ ಸಣ್ಣ ಗುತ್ತಿಗೆದಾರ. ಮೂವತ್ತು ವರ್ಷದಲ್ಲಿ ನಾನು ಕಟ್ಟಿದ ಒಂದು ಒಡ್ಡೂ ಒಡೆದಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಒಡೆಯದೆ ಇರಲು ಕಾರಣ, ನಾನು ಯಾವ ಒಡ್ಡನ್ನೂ ನಂಬುವುದಿಲ್ಲ. ಒಡ್ಡಿನ ಕೆಳಗೆ ಹೊಲ ಮಾಡಬಹುದು, ತೋಟ ಮಾಡಬಹುದು. ಮನೆ ಮಾಡಿ ಮಲಗುವವನಿಗೆ ತಲೆ ಸರಿಯಿಲ್ಲ ಎಂದೇ ನಾವು ಲೆಕ್ಕ ಹಾಕುವುದು.

ಅಪ್ಪ ಬೇಗ ತೀರಿದ. ಗಿರಿಜಾಳ ಓದು, ಮದುವೆ ಎರಡೂ ನನ್ನ ಮಾತಿನ ಮೇಲೆ ಆದವು. ಜರ್ಮನಿಯವರು ಕಂಪ್ಯೂಟರ್ ಕಲಿತವರಿಗೆ ಐದು ವರ್ಷದ ಗ್ರೀನ್ ಕಾರ್ಡ್ ಕೊಡಲು ಶುರು ಮಾಡಿದಾಗ ಕಾರ್ಡು ಬಂದದ್ದು ಅವಳ ಹೆಸರಿಗೆ. ಗಂಡ ಮಹಾಂತೇಶ ಅವಳ ಹಿಂದಿನಿಂದ ಹೋಗಿ, ಮೋಟಾರು ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಸೇರಿದರು. ಅಲ್ಲಿಗೆ ಹೋಗಿ ಮೂರು ವರ್ಷ ದಾಟಿತ್ತು. ಐದು ವರ್ಷದ ಚೀಟಿ ಇಟ್ಟುಕೊಂಡು ನೂರು ವರ್ಷ ಬಾಳುವ ಮನೆ ಕೊಳ್ಳಲು ಹೊರಟವರನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕು.

ಫ್ರಾಂಕ್‌ಫರ್ಟಿನಿಂದ ರೈಲು

ಇಬ್ಬರಿಗೂ ರಜೆ ಸಿಗಲಿಲ್ಲ, ಹೀಗಾಗಿ ವಿಮಾನ ಇಳಿದು ಹ್ಯಾಂಬರ್ಗಿನವರೆಗೆ ನಾನೊಬ್ಬನೇ ರೈಲಿನಲ್ಲಿ ಹೋದೆ. ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು ಎಂದು ಗಿರಿಜಾ ಪತ್ರದಲ್ಲಿ ಚಿತ್ರ ಬರೆದು ಕಳಿಸಿದ್ದಳು. ಪ್ಲಾಟ್‌ಫಾರ್ಮಿಗೆ ಗೇಟಿಲ್ಲ, ಟಿಕೆಟ್ ಕೇಳುವವರಿಲ್ಲ. ಯಾರೂ ಏನೂ ಕೇಳದ ಕಡೆ ಜಾಸ್ತಿ ಹುಷಾರಾಗಿರಬೇಕು ಎನ್ನುವುದು ನನ್ನ ಅನುಭವ. ಟಿಕೆಟನ್ನು ಕೈಯಲ್ಲೇ ಹಿಡಿದು ಕೂತೆ.

ನನ್ನ ಎದುರಿನ ಹೆಂಗಸು ಒಂದು ಗಂಟೆ ಪುಸ್ತಕ ಓದಿದಳು. ಆಮೇಲೆ ಎದ್ದು, ತನ್ನ ಚೀಲವನ್ನು ಸೀಟಿನ ಮೇಲೇ ಬಿಟ್ಟು, ನನಗೆ ಏನೋ ಹೇಳಿ ನಕ್ಕು, ಡಬ್ಬಿಯ ಆ ತುದಿಗೆ ನಡೆದಳು. ಚೀಲದ ಬಾಯಿ ತೆರೆದಿತ್ತು. ಗುರುತಿಲ್ಲದವನ ಮುಂದೆ ಬಾಯಿ ತೆರೆದ ಚೀಲ ಇಟ್ಟು ಹೋಗುವುದು ಸಿಕ್ಕಿಹಾಕಿಸುವ ಕೆಲಸ ಎಂದುಕೊಂಡು ಎದ್ದು ಎರಡು ಸಾಲು ಹಿಂದೆ ಹೋಗಿ ಕೂತೆ. ಅವಳು ಬಂದು ಚೀಲ ನೋಡಿದಳು, ಖಾಲಿ ಸೀಟು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ನಾನು ಎರಡೂ ಕೈ ಎತ್ತಿ ಖಾಲಿ ಎಂದು ತೋರಿಸಿದೆ. ಹ್ಯಾಂಬರ್ಗ್ ಬರುವವರೆಗೆ ಆಕೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಈ ಮಾತು ಕೇಳಿ ಮಹಾಂತೇಶ ಸ್ಟೇಷನ್ನಿನಲ್ಲೇ ಹೊಟ್ಟೆ ಹಿಡಿದು ನಕ್ಕರು. "ಅಣ್ಣಾರ, ಆಕಿ 'ಸ್ವಲ್ಪ ಚೀಲ ನೋಡ್ಕೋರಿ' ಅಂದಿರಬೇಕ್ರಿ. ಇಲ್ಲಿ ಹಂಗ ಹೇಳಿ ಹೋಗ್ತಾರ."

"ನನ್ನ ಮಾರಿ ನೋಡಿ ಹೇಳಿದಳೇನು? ನಾ ಯಾರಂತ ಆಕಿಗೇನ್ ಗೊತ್ತು?"

"ಯಾರಿಗೂ ಹೇಳ್ತಾರ್ರಿ."

ಯಾರಿಗೂ ಹೇಳುವುದೇ ತಪ್ಪು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹ್ಯಾಂಬರ್ಗಿನ ಮೂರನೆಯ ಮಹಡಿ

ಅವರ ಬಾಡಿಗೆ ಮನೆ ಬೆಚ್ಚಗಿತ್ತು. ಜೋಳದ ಹಿಟ್ಟು ಊರಿಂದ ನಾನೇ ಒಯ್ದಿದ್ದೆ. ಗಿರಿಜಾ ರೊಟ್ಟಿ ಬಡಿಯಲು ಶುರು ಮಾಡಿದ ತಕ್ಷಣ ಕೆಳಗಿನ ಮನೆಯ ಮುದುಕ ಸೂರಿಗೆ ಕೋಲಿನಿಂದ ಕುಟ್ಟಿದ. ಅವಳು ಹಿಟ್ಟಿನ ಕೈಯಲ್ಲೇ ನಿಂತು, ಉಳಿದ ರೊಟ್ಟಿಗಳನ್ನು ಲಟ್ಟಿಸಿದಳು.

"ದಿನಾ ಹಿಂಗ ಏನು?" ಎಂದೆ.

"ಮಧ್ಯಾಹ್ನ ಒಂದರಿಂದ ಮೂರು ಸಪ್ಪಳ ಮಾಡಬಾರದು. ಐತವಾರ ಇಡೀ ದಿನ ಮಾಡಬಾರದು. ಅದಕ್ಕ ಅಣ್ಣಾ, ಸ್ವಂತ ಮನಿ ಬೇಕಂತ ಕುಣ್ಯಾಕತ್ತೇನಿ."

"ರೊಟ್ಟಿ ಬಡಿಯಾಕ ಮನಿ ತಗೊಳ್ಳಾಕತ್ತೀರಿ ಅಂದಂಗಾತು."

"ರೊಟ್ಟಿ ಬಡಿಯಾಕ ಅಂತನ ತಿಳ್ಕೊ."

"ಐದು ವರ್ಷ ಆದಮ್ಯಾಲ ನಿಮ್ಮನ್ನ ಹೊರಗ ಹಾಕಿದ್ರ?"

ಮಹಾಂತೇಶ ಉತ್ತರ ಕೊಟ್ಟರು. "ಆಮ್ಟ್‌ನಾಗ ಕೇಳೇವ್ರಿ. ಕೆಲಸ ಇದ್ರ ಉಳೀಬಹುದು, ಕಾಯ್ದೆ ಬದಲಾಗತೈತಿ ಅಂತಾರ." ಆಮ್ಟ್ ಎಂದರೆ ಸರಕಾರಿ ಕಚೇರಿ. ಕಚೇರಿಯವರು "ಬದಲಾಗತೈತಿ" ಎಂದ ಮಾತನ್ನು ನಂಬಿ ಮನೆ ಕೊಳ್ಳುವವರಿಗೆ ನಾನೇನು ಹೇಳಲಿ? ಒಡ್ಡು ನೋಡಿಯೇ ಮಾತಾಡುತ್ತೇನೆ ಎಂದೆ.

ಒಂದೇ ಸಾಲಿನ ಊರು

ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿಯವರು ಚಿಕ್ಕ ಊರಿನವರು, ಎಲ್ಲರೂ ಎಲ್ಲರನ್ನೂ ಬಲ್ಲರು. ಹ್ಯಾಂಬರ್ಗಿನಿಂದ ಪಶ್ಚಿಮಕ್ಕೆ, ಎಲ್ಬೆ ನದಿಯ ಎಡದಂಡೆಗಿದೆ. ಇದು ಜರ್ಮನಿಯ ನೆಲವಾದರೂ ಊರನ್ನು ಕಟ್ಟಿದವರು ಡಚ್ಚರು, ಹಾಲೆಂಡಿನಿಂದ ಬಂದವರು. ಅದನ್ನು ಯಾರೂ ಹೇಳಬೇಕಾಗಿಲ್ಲ, ನಿಂತು ನೋಡಿದರೆ ಗೊತ್ತಾಗುತ್ತದೆ. ನಮ್ಮ ಊರುಗಳಂತೆ ಗುಡಿಯ ಸುತ್ತ, ಬಾವಿಯ ಸುತ್ತ ಮನೆಗಳು ಗುಂಪುಗೂಡಿಲ್ಲ. ಒಡ್ಡಿನ ಬುಡಕ್ಕೆ ಮೈಲುಗಟ್ಟಲೆ ಒಂದೇ ಸಾಲು ಮನೆ. ಇಟ್ಟಿಗೆಯ ಗೋಡೆ, ನಡುವೆ ಬಿಳಿ ಬಣ್ಣದ ಮರದ ಚೌಕಟ್ಟು. ಪ್ರತಿ ಮನೆಯ ಹಿಂದೆ ಆ ಮನೆಯಷ್ಟೇ ಅಗಲದ ಒಂದು ಪಟ್ಟಿ ಹೊಲ, ಕಣ್ಣು ಹಾಯುವಷ್ಟು ಉದ್ದ, ಪೂರಾ ಸೇಬಿನ ಗಿಡ. ಎರಡು ಪಟ್ಟಿಗಳ ನಡುವೆ ನೀರಿನ ಕಾಲುವೆ. ಯಾರೋ ಹಗ್ಗ ಹಿಡಿದು ಎಳೆದಂತೆ ಎಲ್ಲವೂ ನೆಟ್ಟಗೆ. ಹಗ್ಗ ಹಿಡಿದು ಕೆಲಸ ಮಾಡಿದವರನ್ನು ನಾನು ಗುರುತಿಸಬಲ್ಲೆ.

ದಾರಿಯ ಬದಿಗೆ ಒಂದು ಮೇಜು, ಮೇಲೆ ಸೇಬಿನ ಬುಟ್ಟಿಗಳು, ಪಕ್ಕದಲ್ಲಿ ಚಿಲ್ಲರೆ ಹಾಕಲು ತಗಡಿನ ಡಬ್ಬಿ. ಮಾರುವವರಿಲ್ಲ. ಗಿರಿಜಾ ಮತ್ತು ಮಹಾಂತೇಶ ಮುಂದೆ ಹೋದರು, ನಾನು ಅಲ್ಲೇ ನಿಂತೆ. ಎಲ್ಲಿಂದ ನೋಡುತ್ತಿದ್ದಾರೆ ಎಂದು ಕಿಟಕಿಗಳನ್ನು ನೋಡಿದೆ, ಗಿಡದ ಹಿಂದೆ ನೋಡಿದೆ, ಮೇಜಿನ ಕೆಳಗೂ ಬಗ್ಗಿದೆ. ಆಗ ಸೈಕಲ್ ಮೇಲೆ ಒಬ್ಬ ಉದ್ದನೆಯ ಮುದುಕ ಬಂದ. ನೀಲಿ ಟೊಪ್ಪಿಗೆ. ನಾಣ್ಯ ಹಾಕಿ, ಬುಟ್ಟಿ ತಗೊಂಡು, ಮೇಜಿನ ಕೆಳಗಿಂದ ಏಳುತ್ತಿದ್ದ ನನ್ನನ್ನು ನಿಂತು ನೋಡಿದ. ಹತ್ತು ಹೆಜ್ಜೆ ಹೋಗಿ ಮತ್ತೆ ತಿರುಗಿ ನೋಡಿದ. ಅಲ್ಲಿ ಅನುಮಾನ ಬರುವಂತಿದ್ದವನು ನಾನೊಬ್ಬನೇ ಎಂದು ನನಗೇ ಗೊತ್ತಾಯಿತು. ಅವನ ಹೆಸರು ಕ್ಲಾವ್ಸ್, ನಾವು ನೋಡಲು ಹೊರಟ ಮನೆಯ ನೆರೆಯವನು ಎಂಬುದು ಅರ್ಧ ಗಂಟೆಯಲ್ಲಿ ತಿಳಿಯಿತು.

ಮೊದಲು ಒಡ್ಡು ಹತ್ತಿದೆ. ಈ ಕಡೆ ಮನೆಗಳ ಮಾಡು ನನ್ನ ಕಾಲಿನ ಮಟ್ಟಕ್ಕೆ. ಆ ಕಡೆ ಅಗಲವಾದ ನದಿ, ದಡದಲ್ಲಿ ಬರೀ ಕೆಸರು, ನೀರು ತುಂಬ ಕೆಳಗಿತ್ತು. ಅಷ್ಟೇನೂ ಭಯವಿಲ್ಲ ಎಂದುಕೊಂಡೆ. ಚಹಾ ಕುಡಿದು ಸಂಜೆ ಮತ್ತೆ ಹತ್ತಿದರೆ ಕೆಸರು ಇಲ್ಲವೇ ಇಲ್ಲ, ನೀರು ಎರಡಾಳು ಏರಿದೆ. ಮಳೆ ಒಂದು ಹನಿ ಬಿದ್ದಿಲ್ಲ.

"ಮ್ಯಾಲೆ ಎಲ್ಲೋ ಡ್ಯಾಮಿನ ಗೇಟ್ ತಗದಾರ," ಎಂದೆ.

"ಸಮುದ್ರದ ಭರತಿರಿ ಅಣ್ಣಾರ," ಎಂದರು ಮಹಾಂತೇಶ. "ಸಮುದ್ರ ಬಾಳ ದೂರ ಐತಿ, ಆದ್ರ ದಿನಕ್ಕ ಎರಡು ಸಲ ಇಲ್ಲಿತನಾ ಬರತೈತಿ."

"ದಿನಕ್ಕ ಎರಡು ಸಲ?"

"ದಿನಾ."

ನಮ್ಮ ಒಡ್ಡುಗಳಿಗೆ ವರ್ಷಕ್ಕೆ ಒಂದು ಸಲ ಪರೀಕ್ಷೆ. ದಿನಕ್ಕೆ ಎರಡು ಸಲ ಪರೀಕ್ಷೆಗೆ ಕೂರುವ ಒಡ್ಡನ್ನು ನಾನು ಅವತ್ತೇ ನೋಡಿದ್ದು. ಒಂದು ಹಡಗು ಬಂತು. ನಾವು ಕೆಳಗಿಳಿದು ಮನೆಯ ಅಂಗಳಕ್ಕೆ ಬಂದಾಗ ಅದೇ ಹಡಗಿನ ಮೇಲಿನ ಅಂತಸ್ತುಗಳು ಹುಲ್ಲಿನ ಒಡ್ಡಿನ ಮೇಲಿಂದ, ಮನೆಯ ಹೊಗೆಗೂಡಿಗಿಂತ ಎತ್ತರದಲ್ಲಿ ಸಾಗಿ ಹೋದವು. ಗಿರಿಜಾ ಅದನ್ನು ನೋಡಿ ಖುಷಿಪಟ್ಟಳು. ನಾನು ಹೊಗೆಗೂಡಿಗಿಂತ ನೀರು ಎಷ್ಟು ಮೇಲಿದೆ ಎಂದು ಲೆಕ್ಕ ಹಾಕಿದೆ.

ಒಡ್ಡಿನ ಕೆಲಸದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ನಮ್ಮಲ್ಲಿ ಒಡ್ಡಿನ ಮೇಲೆ ಜಾಲಿ ಬೆಳೆಯುತ್ತದೆ, ಅದರ ಬೇರು ಒಳಗೆ ಹೋಗಿ ಸತ್ತು ನೀರಿಗೆ ದಾರಿ ಮಾಡಿಕೊಡುತ್ತದೆ, ಕೀಳಿಸಿ ಎಂದು ಎಷ್ಟು ಸಲ ಬಾಯಿ ಬಡಕೊಂಡರೂ ಇಂಜಿನಿಯರು "ನೆರಳಿಗಿರಲಿ ಬಿಡ್ರೀ" ಎನ್ನುತ್ತಾರೆ. ಇಲ್ಲಿ ಒಂದು ಗಿಡ ಇಲ್ಲ. ಬರೀ ಹುಲ್ಲು, ಹುಲ್ಲು ಮೇಯುವ ಕುರಿ. ಕುರಿಗಳ ಗೊರಸು ಮಣ್ಣನ್ನು ತುಳಿದು ಗಟ್ಟಿ ಮಾಡುತ್ತದೆ. ನಾವು ಮಣ್ಣು ಕೂರಿಸಲು ಬಳಸುವ ಮುಳ್ಳುಮುಳ್ಳಿನ ರೋಲರಿಗೆ 'ಶೀಪ್ ಫೂಟ್' ಎನ್ನುತ್ತೇವೆ. ಇಪ್ಪತ್ತು ವರ್ಷ ಆ ರೋಲರ್ ಓಡಿಸಿದ್ದೇನೆ, ಕುರಿಯೇ ಆ ಕೆಲಸ ಮಾಡುವುದನ್ನು ಅಲ್ಲಿ ನೋಡಿದೆ.

ಫ್ರೌ ಹಿನ್ರಿಕ್ಸರ ಅಡುಗೆಮನೆ

ಮನೆಯ ಒಡತಿ ಫ್ರೌ ಹಿನ್ರಿಕ್ಸ್, ಫ್ರೌ ಎಂದರೆ ಶ್ರೀಮತಿ, ಎಪ್ಪತ್ತರ ಹೆಂಗಸು, ಗಟ್ಟಿ ಕೈ, ಮಣ್ಣಿನ ಉಗುರು. ಮನೆ ಕೊಳ್ಳುವವರು ಎರಡು ರಾತ್ರಿ ಮನೆಯಲ್ಲಿ ಮಲಗಿ ನೋಡಬೇಕು, ಮಲಗದೆ ಕೊಂಡವರು ಆಮೇಲೆ ಬೈಯುತ್ತಾರೆ ಎಂದು ಆಕೆಯೇ ನಮ್ಮನ್ನು ಉಳಿಸಿಕೊಂಡಿದ್ದಳು. ಇಷ್ಟು ಉಪಚಾರ ಯಾಕೆ ಎಂದು ನಾನು ಅದಕ್ಕೂ ಅನುಮಾನ ಪಟ್ಟೆ.

ಮನೆಯ ಮುಖಕ್ಕೆ ಚಿತ್ತಾರದ ಒಂದು ಬಾಗಿಲು. ಹೊರಗಿನಿಂದ ಅದಕ್ಕೆ ಹಿಡಿಕೆಯೇ ಇಲ್ಲ. ನಾವು ಬದಿಯ ಬಾಗಿಲಿಂದ ಒಳಗೆ ಹೋದೆವು. "ಆ ಬಾಗಿಲ ಯಾಕ ಮುಚ್ಯಾಳ? ಕೇಳು," ಎಂದೆ. ಗಿರಿಜಾ ಕೇಳಿ ಬಂದು ಹೇಳಿದಳು: "ಅದು ಒಳಗಿಂದ ಅಷ್ಟ ತಗೀತದಂತ. ಮದುಮಗಳು ಒಳಗ ಬರುವಾಗ ಒಮ್ಮೆ, ಆಕಿ ಹೆಣ ಹೊರಗ ಹೋಗುವಾಗ ಒಮ್ಮೆ. ಬೆಂಕಿ ಬಿದ್ರ ಸಾಮಾನು ತಗಿಯಾಕ ಮತ್ತೊಮ್ಮೆ."

"ನೀರು ಬಂದ್ರ?"

ಆ ಪ್ರಶ್ನೆಯನ್ನು ಅವಳು ಮುದುಕಿಗೆ ದಾಟಿಸಲಿಲ್ಲ.

ಫ್ರೌ ಹಿನ್ರಿಕ್ಸ್ ಸೇಬಿನ ಕೇಕು ಕೊಯ್ದಳು. ತತ್ತಿ ಹಾಕಿದ್ದಾಳೆ ಎಂದು ಗಿರಿಜಾ ಪಿಸುಗುಟ್ಟಿದ್ದರಿಂದ ನಾನು ಬರೀ ಸೇಬು ತಿಂದೆ. ಆಕೆ ನನ್ನ ತಟ್ಟೆ ನೋಡಿ ಏನೂ ಕೇಳದೆ ಎದ್ದು ಆಲೂಗಡ್ಡೆ ಕುದಿಯಲು ಇಟ್ಟಳು. ಕುದಿಯುವಷ್ಟು ಹೊತ್ತು ಊರಿನ ಕಥೆ ಹೇಳಿದಳು, ಗಿರಿಜಾ ನನಗೆ ತಿರುಗಿಸಿ ಹೇಳಿದಳು.

ನೂರಾರು ವರ್ಷದ ಹಿಂದೆ ಇದು ಜೌಗು. ನದಿ ಬಂದಾಗ ನದಿ, ಹೋದಾಗ ಕೆಸರು. ಇಲ್ಲಿಯ ಜನಕ್ಕೆ ಇದರಲ್ಲಿ ಏನು ಮಾಡಬೇಕೆಂದು ತಿಳಿದಿರಲಿಲ್ಲ. ಈ ಕಡೆಯ ಬಿಷಪ್ ಒಬ್ಬ ಹಾಲೆಂಡಿನ ಜನರನ್ನು ಕರೆಸಿದ. ಅವರಿಗೆ ನೀರಿನ ಕೆಳಗಿನ ನೆಲವನ್ನು ಒಣಗಿಸಿ ಗೊತ್ತಿತ್ತು. ಬಂದವರು ಹಗ್ಗ ಹಿಡಿದು ಜೌಗನ್ನು ಪಟ್ಟಿ ಮಾಡಿದರು, ಕಾಲುವೆ ತೋಡಿದರು, ತೋಡಿದ ಮಣ್ಣಿನಿಂದ ಒಡ್ಡು ಹಾಕಿದರು. ಮನೆಗೊಂದು ಪಟ್ಟಿ, ತಮ್ಮದೇ ನ್ಯಾಯ, ತಮ್ಮದೇ ಪಂಚರು. ಭೂಮಿ ಅವರದ್ದೇ, ಮಕ್ಕಳು ಮೊಮ್ಮಕ್ಕಳ ತನಕ.

ನನಗೆ ತಡೆಯಲಾಗಲಿಲ್ಲ. "ಪುಗಸಟ್ಟೆ ಭೂಮಿ ಯಾರ ಕೊಡ್ತಾರ? ಏನ್ ಕರಾರ ಇತ್ತು, ಅದನ್ನ ಕೇಳು."

ಗಿರಿಜಾ ಕೇಳಿದಾಗ ಮುದುಕಿ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದಳು. ಚಾಕುವಿನ ತುದಿಯಿಂದ ಕಿಟಕಿಯ ಆಚೆ ತೋರಿಸಿದಳು. ಅಲ್ಲಿ ಒಡ್ಡು.

ಅದೇ ಕರಾರು. ಪ್ರತಿ ಮನೆಗೆ ತನ್ನ ಪಾಲಿನ ಒಡ್ಡು, ಇಷ್ಟು ಹೆಜ್ಜೆ ಎಂದು. ಒಬ್ಬನ ಪಾಲು ಸೋತರೆ ಊರೆಲ್ಲ ಮುಳುಗುತ್ತದೆ, ಆದ್ದರಿಂದ ಊರವರೆಲ್ಲ ಕೂಡಿ ವರ್ಷಕ್ಕೆ ಎರಡು ಸಲ ನಡೆದು ಒಬ್ಬೊಬ್ಬನ ಪಾಲನ್ನೂ ನೋಡುತ್ತಿದ್ದರು. ಈಗ ಒಡ್ಡಿಗೆ ಸಂಘವಿದೆ, ಯಂತ್ರಗಳಿವೆ. ಕಾಲುವೆಯ ಹೂಳು ಬಳಿಯುವುದು ಮಾತ್ರ ಇನ್ನೂ ಮನೆಯವರದ್ದು. ನಮ್ಮ ಅಪ್ಪನ ಕಾಲದಲ್ಲಿ ಬೇಸಿಗೆಗೆ ಮನೆಗೊಂದಾಳು ಕೆರೆಯ ಹೂಳು ತೆಗೆಯಲು ಹೋಗುತ್ತಿದ್ದದ್ದು ನೆನಪಾಯಿತು. ಸರಕಾರ ಕೆರೆಯನ್ನು ತನ್ನದು ಎಂದ ದಿನ ನಾವೆಲ್ಲ ಬುಟ್ಟಿ ಮೂಲೆಗಿಟ್ಟೆವು. ಆ ಮೇಲೆ ನನ್ನಂಥ ಗುತ್ತಿಗೆದಾರರು ಹುಟ್ಟಿದರು.

"ಯಾವಾಗರ ಒಡದಿತ್ತೇನು?" ಎಂದು ಕೇಳಿಸಿದೆ.

ಆಕೆ ನನ್ನನ್ನು ಸಾಮಾನು ಕೋಣೆಗೆ ಕರೆದೊಯ್ದು ಒಂದು ಕಂಬ ತೋರಿಸಿದಳು. ಅದರಲ್ಲಿ ಚಾಕುವಿನಿಂದ ಕೊರೆದ ಗೆರೆ, ಆಕೆಯ ಎದೆಯ ಮಟ್ಟಕ್ಕೆ. ಮದುವೆಯಾಗಿ ಬಂದ ಕೆಲವೇ ವರ್ಷಕ್ಕೆ ನೀರು ಇಲ್ಲಿಯವರೆಗೆ ಬಂದಿತ್ತಂತೆ. ಅಟ್ಟದ ಮೇಲೆ ಕೂತಿದ್ದರಂತೆ. ಆಮೇಲೆ ಒಡ್ಡನ್ನು ಇನ್ನೂ ಎತ್ತರ ಮಾಡಿದರು. ಮಾರಲು ಇಟ್ಟ ಮನೆಯ ಗಾಯವನ್ನು ಯಾರೂ ಹೀಗೆ ಕೈಹಿಡಿದು ತೋರಿಸುವುದಿಲ್ಲ. ಸ್ವಲ್ಪ ನಂಬಿಕೆ ಬಂತು.

ಆಲೂಗಡ್ಡೆ ತಿನ್ನುವಾಗ ಅದೂ ಹೋಯಿತು. ಇದನ್ನು ಮಾರಿ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದ್ದಕ್ಕೆ, ಅಕ್ಕನ ಹತ್ತಿರ ಇರಲು, ಬೇರೆ ಊರಿಗೆ ಎಂದಳು. ಆ ಊರು ಎಲ್ಲಿ? ದಿಬ್ಬದ ಮೇಲೆ.

ಮಲಗುವ ಮುಂಚೆ ತಂಗಿಗೆ ಹೇಳಿದೆ: "ಇಷ್ಟು ವರ್ಷ ಕೆಳಗ ಇದ್ದಾಕಿ ಈಗ ಎತ್ತರಕ್ಕ ಹೊಂಟಾಳ. ನಿಮ್ಮನ್ನ ಇಲ್ಲಿ ಇಳಿಸಿ ಹೊಂಟಾಳ. ಊರವರು ಯಾರೂ ಯಾಕ ತಗೊಳ್ಳಿಲ್ಲ?"

"ಬಾಜೂ ಮನಿ ಕ್ಲಾವ್ಸ್ ಕೇಳಿದ್ನಂತ. ಮನಿ ಕೆಡವಿ ಗಿಡ ಹಚ್ಚತೀನಿ ಅಂದಿದ್ದಕ್ಕ ಈಕಿ ಒಲ್ಲೆ ಅಂದಾಳ."

"ಅದನ್ನ ಈಕಿ ಹೇಳ್ತಾಳ. ಅಂವ ಏನಂತಾನ?"

"ಅಣ್ಣಾ," ಎಂದಳು ಗಿರಿಜಾ, "ಒಡ್ಡಿಂದಷ್ಟ ಹೇಳು. ಜನರ ಮಾತು ನನಗ ಬಿಡು."

ಎರಡನೆಯ ದಿನ, ಹೊತ್ತು ಮೂಡುವಾಗ

ಒಡ್ಡನ್ನು ಕಣ್ಣಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ, ಬಿಸಿಲು ಬೀಳುವ ಮುಂಚೆ, ಬುಡದಲ್ಲಿ ಬರಿಗಾಲಲ್ಲಿ ನಡೆಯಬೇಕು. ಅಂಗಾಲಿಗೆ ಎಲ್ಲ ಗೊತ್ತಾಗುತ್ತದೆ. ಅಕ್ಟೋಬರದ ಆ ಚಳಿಯಲ್ಲಿ ಬೂಟು ಕಳಚಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಆ ಸಾಲು ಮನೆಗಳ ಮುಂದೆ ಒಡ್ಡಿನ ಬುಡ ಹಿಡಿದು ನಡೆದೆ. ಕುರಿಗಳು ದಾರಿ ಬಿಟ್ಟವು. ಪಕ್ಕದ ತೋಟದಲ್ಲಿ ಏಣಿಯ ಮೇಲಿದ್ದ ಕ್ಲಾವ್ಸ್ ಕೆಲಸ ನಿಲ್ಲಿಸಿ ನೋಡಿದ. ಅವನು ನೋಡಿದರೆ ನೋಡಲಿ ಎಂದುಕೊಂಡೆ.

ಫ್ರೌ ಹಿನ್ರಿಕ್ಸರ ಮನೆಗೆ ನೇರವಾಗಿ ಬಂದಾಗ ಕಾಲು ಮೆತ್ತಗೆ ಇಳಿಯಿತು. ಬೆರಳುಗಳ ನಡುವಿನಿಂದ ನೀರು ಬಂತು. ಒಂದು ಹೆಜ್ಜೆ ಹಿಂದೆ ಗಟ್ಟಿ, ಒಂದು ಹೆಜ್ಜೆ ಮುಂದೆ ಗಟ್ಟಿ, ನಡುವೆ ಚಾಪೆಯಗಲ ಒದ್ದೆ. ಒಡ್ಡು ಜಿನುಗುತ್ತಿತ್ತು.

ನಿಜ ಹೇಳಬೇಕೆಂದರೆ ಆಗ ನನಗೆ ಭಯಕ್ಕಿಂತ ಮೊದಲು ಸಮಾಧಾನವಾಯಿತು. ಸಿಕ್ಕಿತು, ಇನ್ನು ಬೇಡ ಎನ್ನಬಹುದು.

ಜಿನುಗು ಕಂಡವನು ಅಲ್ಲಿ ಗುರುತು ಇಡದೆ ಬರಬಾರದು ಎನ್ನುವುದು ನಮ್ಮ ಒಡ್ಡಿನ ಕೆಲಸದವರ ಶಿಸ್ತು. ಕೈಗೆ ಸಿಕ್ಕ ಗೂಟವನ್ನೋ ಹಾರಿಯನ್ನೋ ಪಕ್ಕದಲ್ಲಿ ನೆಟ್ಟು ಬಟ್ಟೆ ಕಟ್ಟುತ್ತೇವೆ, ಮುಂದೆ ಬರುವವರಿಗೆ ದೂರದಿಂದ ಕಾಣಲಿ ಎಂದು. ಕೊಟ್ಟಿಗೆಗೆ ಹೋಗಿ ಹುಡುಕಿದೆ. ಒಂದು ಸಲಿಕೆ ಸಿಕ್ಕಿತು. ನಮ್ಮ ಸಲಿಕೆ ಬಾಗಿ ಹಿಡಿದವನ ಕಡೆ ನೋಡುತ್ತದೆ, ಇವರದ್ದು ಕಾವಿನ, ಅಂದರೆ ಮರದ ಹಿಡಿಯ, ನೇರಕ್ಕೆ ನೆಲ ನೋಡುತ್ತದೆ, ಕಾಲಿನಿಂದ ಒತ್ತಿ ಅಗೆಯುವಂಥದ್ದು. ಅದನ್ನು ಒಯ್ದು, ಒದ್ದೆಯ ಪಕ್ಕಕ್ಕೆ, ಮೈಭಾರ ಪೂರ್ತಿ ಬಿಟ್ಟು ನೆಟ್ಟೆ. ಕಾವಿಗೆ ನನ್ನ ಹೆಗಲ ಮೇಲಿನ ಕೆಂಪಂಚಿನ ವಲ್ಲಿ ಕಟ್ಟಿದೆ. ಒಳಗೆ ಹೋಗಿ ಕಾಲು ತೊಳೆದು, ಚಹಾ ಕಾಸಿಕೊಂಡು, ತಂಗಿ ಏಳಲಿ ಎಂದು ಕಾದೆ.

ಸಲಿಕೆ

ಗಿರಿಜಾ ಎದ್ದು ಬರುವಷ್ಟರಲ್ಲಿ ಒಡ್ಡಿನ ಮೇಲೆ ನಾಲ್ಕೈದು ಜನ ನಿಂತಿದ್ದರು. ಅವರಲ್ಲಿ ಕ್ಲಾವ್ಸನೂ ಇದ್ದ. ಫ್ರೌ ಹಿನ್ರಿಕ್ಸ್ ಮನೆಯೊಳಗಿನ ಚಪ್ಪಲಿಯಲ್ಲೇ ಅಂಗಳಕ್ಕೆ ಬಂದಳು, ಸಲಿಕೆ ನೋಡಿದಳು, ಗೋಡೆ ಹಿಡಿದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ಒಡ್ಡಿನ ಕಡೆ ನಡೆದು, ನೇರ ಕ್ಲಾವ್ಸನ ಮುಂದೆ ನಿಂತು, ಸಣ್ಣ ದನಿಯಲ್ಲಿ ಎರಡು ಮಾತು ಹೇಳಿದಳು. ಅವನು ಟೊಪ್ಪಿಗೆ ತೆಗೆದು ಇಲ್ಲವೆಂದು ತಲೆ ಅಲ್ಲಾಡಿಸಿದ. ಅವನ ಕಿವಿ ಕೆಂಪಾಗಿತ್ತು.

"ಏನಂದಳು?" ಎಂದೆ.

"ನಲವತ್ತು ವರ್ಷದ ನೆರಿಮನಿ, ಇದನ್ನ ಮಾಡಬಾರದಿತ್ತು ಅಂದಳು." ಗಿರಿಜಾ ಸಲಿಕೆಯನ್ನೇ ನೋಡುತ್ತಿದ್ದಳು. "ಅಣ್ಣಾ, ಆ ವಲ್ಲಿ ನಿಂದಲ್ಲ?"

"ನಂದ."

"ಸಲಿಕಿ ನೀ ನೆಟ್ಟಿಯೇನು?"

"ಒಡ್ಡು ಜಿನುಗಾಕತ್ತೈತಿ. ಗುರುತು ಇಟ್ಟೀನಿ. ಅದರಾಗೇನ್ ತಪ್ಪು?"

ಅವಳು ಹಣೆಗೆ ಕೈ ಹಚ್ಚಿಕೊಂಡಳು. ಆಮೇಲೆ ಮುದುಕಿಯ ಹತ್ತಿರ ಹೋಗಿ ಸಲಿಕೆ ನೆಟ್ಟರೆ ಏನರ್ಥ ಎಂದು ಕೇಳಿದಳು, ಮುದುಕಿ ಮಾತಾಡಿದಳು, ಮತ್ತೆ ಅವಳು. ನನಗೆ ಬಂದು ಹೇಳಿದ್ದು ಇಷ್ಟು: "ಹಿಂದಿನ ಕಾಲದಾಗ ತನ್ನ ಪಾಲಿನ ಒಡ್ಡು ಕಾಯಾಕ ಆಗದಾಂವ ಅದರ ಮ್ಯಾಲೆ ಸಲಿಕಿ ನೆಟ್ಟು ಊರು ಬಿಟ್ಟು ಹೋಗತಿದ್ನಂತ. ಮನಿ, ಹೊಲ, ದನ ಎಲ್ಲಾ ಅಲ್ಲೇ ಬಿಟ್ಟು. ಆ ಸಲಿಕಿ ಯಾರು ಕೀಳ್ತಾರ ಅವರಿಗೆ ಎಲ್ಲಾ ಸೇರತಿತ್ತು, ಒಡ್ಡು ಕಾಯೋ ಕೆಲಸ ಸೈತ. ನಿನಗ ಒಡ್ಡು ಕಾಯಾಕ ಆಗೂದಿಲ್ಲ, ಬಿಟ್ಟು ನಡಿ ಅಂತ ಕ್ಲಾವ್ಸ್ ಹೇಳ್ಯಾನ ಅಂತ ಆಕಿ ತಿಳಕೊಂಡಾಳ."

"ಅಂವ ನನ್ನ ನೋಡಿದ್ದ," ಎಂದೆ. "ಏಣಿ ಮ್ಯಾಲಿಂದ."

ನಾನು ಕ್ಲಾವ್ಸನನ್ನು ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ. ಒಂದು ಬೆರಳು ತೋರಿಸಿದ್ದರೆ ಅವನ ಮೇಲಿನ ಮಾತು ಇಳಿದುಹೋಗುತ್ತಿತ್ತು. ತೋರಿಸಿರಲಿಲ್ಲ. ಪರ ಊರಿನವನು ತಾನೇ ಬಾಯಿ ಬಿಡಲಿ ಎಂದು ಕಾದಿದ್ದನೋ ಏನೋ. ನಾನು ಮುಂದೆ ಹೋಗಿ ನನ್ನ ಎದೆ ಮುಟ್ಟಿ ತೋರಿಸಿದೆ, ಸಲಿಕೆ ತೋರಿಸಿದೆ, ನೆಲದ ಒದ್ದೆ ತೋರಿಸಿದೆ. ಫ್ರೌ ಹಿನ್ರಿಕ್ಸ್ ಬಹಳ ಹೊತ್ತು ನನ್ನ ಬರಿಗಾಲು ನೋಡಿದಳು. ಆಮೇಲೆ ಕ್ಲಾವ್ಸನಿಗೆ ಏನೋ ಹೇಳಿದಳು, ಅವನು ಟೊಪ್ಪಿಗೆ ಹಾಕಿಕೊಂಡ.

ಯಾರೋ ಫೋನ್ ಮಾಡಿದ್ದರಿಂದ ಒಡ್ಡಿನ ಸಂಘದ ಹಿರಿಯ ಸೈಕಲ್ ಮೇಲೆ ಬಂದ. ರಬ್ಬರ್ ಬೂಟು, ಬಿಳಿ ಮೀಸೆ. ಒಡ್ಡಿನಲ್ಲಿ ಯಾರೂ ಏನೂ ನೆಡಬಾರದು, ಅಗೆಯಬಾರದು, ಅದು ಕಾಯ್ದೆ ಎಂದು ಮೊದಲು ಗಟ್ಟಿಯಾಗಿ ಹೇಳಿದ. ಮಹಾಂತೇಶ ನನ್ನ ಪರವಾಗಿ ಕ್ಷಮೆ ಕೇಳಿದರು. ಆಮೇಲೆ ಅವನು ಒದ್ದೆಯ ಹತ್ತಿರ ಕೂತು, ಹುಲ್ಲು ಸರಿಸಿ, ಸಣ್ಣ ಗುಳಿ ಮಾಡಿ, ನೀರು ತುಂಬುವವರೆಗೆ ಕಾದು, ಅಂಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ.

ಅದನ್ನು ನೋಡಿದ ಕೂಡಲೇ ನನ್ನ ಮುಖ ಬಿಸಿಯಾಯಿತು. ಕೆಲಸಕ್ಕೆ ಬಂದ ಮೊದಲ ತಿಂಗಳಲ್ಲೇ ಕಲಿಸುವ ಪಾಠ ಅದು. ನೀರು ಜಿನುಗಿದರೆ ಮೊದಲು ಅಂಗೈಯಲ್ಲಿ ಹಿಡಿದು ನೋಡಬೇಕು. ತಿಳಿಯಾಗಿದ್ದರೆ ಒಡ್ಡು ಬೆವರುತ್ತಿದೆ, ಬೆವರಲಿ. ಮಣ್ಣು ಕೂಡಿ ಬಂದರೆ ಒಳಗೆ ಕರಗುತ್ತಿದೆ, ಓಡಬೇಕು. ನೂರು ಹುಡುಗರಿಗೆ ಈ ಪಾಠ ಹೇಳಿದವನು ಅವತ್ತು ನೀರು ಹಿಡಿದು ನೋಡಿರಲಿಲ್ಲ. ನೋಡುವ ಮನಸ್ಸಿರಲಿಲ್ಲ ಎನ್ನುವುದೇ ಸರಿ.

ಹಿರಿಯನ ಪಕ್ಕಕ್ಕೆ ಹೋಗಿ ಕೂತೆ. ನಾನೂ ಅಂಗೈ ಒಡ್ಡಿ ನೀರು ಎತ್ತಿದೆ. ತಿಳಿ ನೀರು. ಅಂಗೈಯ ಗೆರೆಗಳೆಲ್ಲ ಕಾಣುತ್ತಿದ್ದವು. ಎರಡು ಸಲ ನೋಡಿದೆ, ಮೂರನೆಯ ಸಲವೂ ನೋಡಿದೆ. ಅವನು ನನ್ನ ಕೈ ನೋಡಿ, ನನ್ನ ಮುಖ ನೋಡಿ, ಹುಬ್ಬು ಏರಿಸಿದ. ನಾನು ಗೋಣು ಹಾಕಿದೆ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಅವನು ಒಂದು ಚೂರು ನೀಲಿ ಜೇಡಿ ಮಣ್ಣು ಕಿತ್ತು ನನ್ನ ಕೈಗಿಟ್ಟ. ನಾನು ಅದನ್ನು ಬೆರಳಲ್ಲಿ ಹೊಸೆದೆ. ದಾರದಂತೆ ಉದ್ದಕ್ಕೆ ಬಂತು, ತುಂಡಾಗಲಿಲ್ಲ. ನಮ್ಮ ಎರೆಮಣ್ಣಿಗಿಂತ ಬಿಗಿ.

"ದೊಡ್ಡ ಭರತಿ ಬಂದಾಗ ಇಲ್ಲಿ ಯಾವಾಗಲೂ ಹಿಂಗ ಬರತೈತಂತ," ಎಂದಳು ಗಿರಿಜಾ. "ಬರಕೊಂಡು ಇಟ್ಟಾರಂತ. ಆದ್ರೂ ಕಾಲಿಲೆ ಹುಡುಕಿದವರನ್ನ ಅಂವ ನೋಡಿಲ್ಲ ಅಂತಾನ."

ಹಾಗಾದರೆ ಈಕೆ ದಿಬ್ಬಕ್ಕೆ ಯಾಕೆ ಹೋಗುತ್ತಿದ್ದಾಳೆ ಎಂದು ಮತ್ತೆ ಕೇಳಿಸಿದೆ, ಅನುಮಾನ ಒಂದೇ ಏಟಿಗೆ ಸಾಯುವುದಿಲ್ಲ. ಅಕ್ಕನ ಸೊಂಟದ ಮೂಳೆ ಮುರಿದಿದೆ, ಅವಳನ್ನು ನೋಡಿಕೊಳ್ಳುವವರು ಬೇಕು, ಅವಳ ಮನೆ ದಿಬ್ಬದಲ್ಲಿರುವುದಕ್ಕೆ ತಾನೇನು ಮಾಡಲಿ ಎಂದಳು ಮುದುಕಿ.

ಜನ ಚದುರಿದರು. ಸಲಿಕೆ ಮಾತ್ರ ಅಲ್ಲೇ ನಿಂತಿತ್ತು.

"ನಾ ಕಿತ್ತು ಬಿಡ್ತೀನ್ರಿ, ಖರೀದಿ ಕಾಗದದ ನೋಟರಿ ಖರ್ಚು ಉಳೀತು," ಎಂದು ಮಹಾಂತೇಶ ಮುಂದೆ ಹೋದರು.

ಫ್ರೌ ಹಿನ್ರಿಕ್ಸ್ ಕೈ ಅಡ್ಡ ಹಿಡಿದಳು. ಗಿರಿಜಾ ತಿರುಗಿಸಿ ಹೇಳಿದಳು: "ಈಗ ಆ ಕಾಯ್ದೆ ಇಲ್ಲ, ಎಲ್ಲಾ ಕಾಗದದ ಮ್ಯಾಲೆ ಅಂತ. ಆದ್ರ ನೆಟ್ಟ ಸಲಿಕಿ ಚಾಷ್ಟಿಗೆ ಕೀಳಬಾರದಂತ. ತಗೊಳ್ಳೂದಿದ್ರ ಕೀಳ್ರಿ, ಇಲ್ಲಾಂದ್ರ ನಾನ ಕೀಳ್ತೀನಿ, ಮತ್ತ ನಾನ ಇರ್ತೀನಿ ಅಂತಾಳ."

ಗಂಡ ಹೆಂಡತಿ ಇಬ್ಬರೂ ನನ್ನ ಕಡೆ ನೋಡಿದರು.

"ಅಣ್ಣಾ, ಏನಂತಿ?"

ಹೇಳಲು ನನ್ನ ಹತ್ತಿರ ಬೇಕಾದಷ್ಟಿತ್ತು. ಐದು ವರ್ಷದ ಕಾರ್ಡು, ಕಂಬದ ಮೇಲಿನ ಗೆರೆ, ಮಾಡಿನ ಮೇಲೆ ಹೋಗುವ ಹಡಗು. ಒಂದೂ ಒಡ್ಡಿನ ತಪ್ಪಾಗಿರಲಿಲ್ಲ. ಉಳಿದದ್ದು ಒಂದೇ, ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ: ಈ ಸಲಿಕೆ ಕಿತ್ತವಳು ಇನ್ನು ಗದಗಿನಲ್ಲಿ ನನ್ನ ಮನೆಗೆ ನೆಂಟಳಾಗಿಯೇ ಬರುತ್ತಾಳೆ.

ಗಿರಿಜಾ ಕಾದಳು. ಹಿಂದೆಲ್ಲ ಅವಳು ಎಷ್ಟು ಹೊತ್ತು ಬೇಕಾದರೂ ಕಾಯುತ್ತಿದ್ದಳು. ಅವತ್ತು ಅಷ್ಟು ಕಾಯಲಿಲ್ಲ. ಹುಲ್ಲಿನ ಮೇಲೆ ನಡೆದು ಹೋಗಿ, ವಲ್ಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಎರಡೂ ಕೈಯಿಂದ ಕಾವು ಹಿಡಿದು ಎಳೆದಳು. ಬರಲಿಲ್ಲ. ನಾನು ಮೈಭಾರ ಬಿಟ್ಟು ನೆಟ್ಟದ್ದು, ಜೇಡಿ ಹಿಡಿದುಬಿಟ್ಟಿತ್ತು. ಮತ್ತೆ ಎಳೆದಳು. ಮಹಾಂತೇಶ ಸಹಾಯಕ್ಕೆ ಹೊರಟರೆ ಬೇಡ ಎಂದಳು. ಮೂರನೆಯ ಸಲ ಎಳೆಯುವಾಗ ಕಾಲು ಜಾರಿತು.

"ಎಳೀಬ್ಯಾಡ," ಎಂದೆ. "ಮೊದಲ ಆಚೆ ಈಚೆ ಅಲ್ಲಾಡಿಸು. ಗಾಳಿ ಒಳಗ ಹೋಗಲಿ."

ಅವಳು ಅಲ್ಲಾಡಿಸಿದಳು. ಸಲಿಕೆ ಬಾಯಿ ಚಪ್ಪರಿಸಿದಂಥ ಸಪ್ಪಳ ಮಾಡಿ ಬಂತು. ಅದು ಇದ್ದ ಕಡೆ ಗೇಣುದ್ದದ ಕಪ್ಪು ಸೀಳು.

"ಅದನ್ನ ಹಂಗ ಬಿಡಬ್ಯಾಡ. ಮಣ್ಣು ತುಂಬು, ಹುಲ್ಲು ಎಳದು ಮುಚ್ಚು, ಹಿಮ್ಮಡಿಲೆ ತುಳಿ."

ಅವಳು ಬೂಟು ಕಳಚಿಟ್ಟು, ಬರಿಗಾಲಲ್ಲಿ ನಿಂತು, ಹಿಮ್ಮಡಿಯಿಂದ ತುಳಿಯತೊಡಗಿದಳು.

"ಸಾಕೇನು?"

"ಇನ್ನೊಂದೀಟು."